ಐದು ಅರ್ಧ

ಅವ್ಯಕ್ತಕ್ಕೊಂದು ಅಕ್ಷರ ಕೊಡಿ, ಎನ್ನುತ್ತಿದ್ದರು ಒತಾರ್ ಮೇಷ್ಟ್ರು
ಕೋಟಿನ ಮೇಲೊಂದು ಕೋಟು ತೊಟ್ಟು.
ಹೆಸರಿಟ್ಟರೆ ಅರ್ಧ ಸಿಕ್ಕಂತೆ,
ಉಳಿದರ್ಧಕ್ಕೆ ಮನೆಗೆ ಹೋಗಿ ಬೆವರಿ.

ಆ ಚಳಿಗಾಲ ಕುತೈಸಿಯಲ್ಲಿ ಬೆವರಲು ಇದ್ದದ್ದು ಒಂದೇ ಜಾಗ,
ಸೇತುವೆ ಕೆಳಗೆ ನನ್ನಜ್ಜಿ ತ್ಸಿಯಾಲಾಳ ರೊಟ್ಟಿಯಂಗಡಿ.
ನೆಲದಲ್ಲಿ ಹೂತ ಮಣ್ಣಿನ ಒಲೆ, ಸೀಮೆಎಣ್ಣೆ ದೀಪ.
ಕರೆಂಟು ಹೋಗಿ ಹನ್ನೊಂದು ದಿನ.

ನಮ್ಮಲ್ಲಿ ಮೊಮ್ಮಗ ಅಜ್ಜಿಯನ್ನು ‘ಬೆಬೋ’ ಅನ್ನುತ್ತಾನೆ,
ಅಜ್ಜಿಯೂ ಮೊಮ್ಮಗನನ್ನು ‘ಬೆಬೋ’ ಎಂದೇ ಕರೆಯುತ್ತಾಳೆ.
ಸಮಚಿಹ್ನೆಯ ಎರಡೂ ಬದಿ ಒಂದೇ ಪದ.
ಇಷ್ಟು ಸಲೀಸಾದ ಸಮೀಕರಣ ಆಮೇಲೆ ನಾನು ಕಂಡಿಲ್ಲ.

“ಬೆಬೋ, ಲೆಕ್ಕ ಓದು.”
ಓದಿದೆ. ಎರಡು ನಲ್ಲಿ, ಒಂದು ತೊಟ್ಟಿ.
ನಲ್ಲಿಯೇ ಹೆಪ್ಪುಗಟ್ಟಿದ ಊರಲ್ಲಿ!
ಅವಳು ನಕ್ಕು ಹಿಟ್ಟಿನ ಕೈಯಲ್ಲೇ ಬೇರೊಂದು ಕಟ್ಟಿದಳು:

ಇವತ್ತು ಸುಟ್ಟ ರೊಟ್ಟಿಯಲ್ಲಿ ಅರ್ಧ ಹೆರಿಗೆ ಆಸ್ಪತ್ರೆಗೆ ಹೋಯಿತು,
ಮಿಕ್ಕಿದ್ದರಲ್ಲಿ ಮೂರನೆಯ ಒಂದು ಪಾಲು ಕಿವುಡ ಮಕ್ಕಳ ಶಾಲೆಗೆ.
ಹಲಗೆ ಮೇಲೆ ಹನ್ನೆರಡಿವೆ, ನೋಡು.
ಸುಟ್ಟದ್ದೆಷ್ಟು?

ಎಕ್ಸ್ ಎಂದು ಬರೆದೆ. ಅರ್ಧ ಕಳೆದೆ.
ಇಡೀದರ ಮೂರನೆಯ ಒಂದನ್ನೂ ಕಳೆದೆ.
ಎಪ್ಪತ್ತೆರಡು ಬಂತು.
“ಎಪ್ಪತ್ತೆರಡಕ್ಕೆ ಹಿಟ್ಟೆಲ್ಲಿತ್ತು ಮಾರಾಯ?
ಉಳಿದದ್ದರಲ್ಲಿ ಕೊಟ್ಟೆ ಕಣೋ,
ಕೊಟ್ಟದ್ದನ್ನೇ ಇನ್ನೊಮ್ಮೆ ಕೊಡಕ್ಕಾಗುತ್ತಾ?”

ಅಳಿಸಿದೆ. ಅರ್ಧದ ಮೂರನೆಯ ಒಂದು ಆರನೆಯ ಒಂದು.
ಎಲ್ಲವನ್ನೂ ಆರರಿಂದ ಗುಣಿಸಿದೆ,
ಅಡ್ಡಗೆರೆಗಳು ಒಂದೊಂದೇ ಬಿದ್ದುಹೋದವು.
ಆರು ಎಕ್ಸಿನಲ್ಲಿ ಮೂರು ಹೋಗಿ, ಮತ್ತೊಂದು ಹೋಗಿ
ಎರಡು ಎಕ್ಸು ಎಪ್ಪತ್ತೆರಡಕ್ಕೆ ಸಮ.
ಮೂವತ್ತಾರು!
ತಾಳೆ ನೋಡಿದೆ: ಹದಿನೆಂಟು, ಆರು, ಹನ್ನೆರಡು.
ತಪ್ಪಿಲ್ಲ.

“ತಪ್ಪಿಲ್ಲ,” ಅಂದಳು ಅಜ್ಜಿ. “ಆದರೆ ಉಂಡೆ ಕಟ್ಟಿದ್ದು ಮೂವತ್ತೇಳು.”

ನನ್ನ ಕುತ್ತಿಗೆ ಹಿಡಿದು ಒಲೆಯ ಬಾಯಿಗೆ ಬಗ್ಗಿಸಿದಳು.
ಗೋಡೆ ಬಿಟ್ಟು ಜಾರಿ
ಕೆಂಡದ ನಡುವೆ ಕರಿ ದೋಣಿಯಂತೆ ಮಲಗಿತ್ತು.
ಸುಟ್ಟದ್ದು ಮೂವತ್ತಾರು,
ಸುಟ್ಟುಹೋದದ್ದು ಒಂದು.

“ಇದನ್ನ ಯಾವ ಬದಿಗೆ ಬರೆಯಲಿ?”
“ಬದಿ ಬದಲಿಸಿದರೆ ಚಿಹ್ನೆ ಬದಲಾಗುತ್ತೆ ಅಂತ ನೀನೇ ಹೇಳಿದ್ದೆ.
ಬೂದಿ ಬದಲಾಗುತ್ತಾ?”

ಹೊರಗೆ ಸಾಲು. ಎಲ್ಲರ ಅಂಗೈಯಲ್ಲೂ
ನೇರಳೆ ಪೆನ್ಸಿಲಿನಲ್ಲಿ ಬರೆದ ಸರದಿ ಸಂಖ್ಯೆ.
ಕೊನೆಯ ಅಂಗೈ ಹತ್ತೊಂಬತ್ತು.
ಹನ್ನೆರಡರ ಕೆಳಗೆ ಹತ್ತೊಂಬತ್ತು ಬರೆದು
ಸಾಮಾನ್ಯ ಅಪವರ್ತನ ಹುಡುಕುತ್ತ ಕೂತೆ.
ಇಲ್ಲ. ಎಷ್ಟು ತಿಕ್ಕಿದರೂ ಸಣ್ಣದಾಗದ ಭಿನ್ನರಾಶಿ.

ಅವಳು ಚಾಕು ತೆಗೆದು ಎಲ್ಲವನ್ನೂ ನಡುವೆ ಸೀಳಿದಳು.
ತಲೆಗೊಂದರ್ಧ.
ಯಾರೂ ಗೊಣಗಲಿಲ್ಲ, ಒಬ್ಬ ಮುದುಕ ಮಾತ್ರ
ತನ್ನ ಅರ್ಧವನ್ನು ದೀಪಕ್ಕೆ ಹಿಡಿದು ಅಳೆದ.

“ಉಳಿದದ್ದು ಎರಡೂವರೆ,” ಅಂದೆ ನಾನು.
“ಎರಡೂವರೆ ಅಲ್ಲ. ಐದು ಅರ್ಧ.”
“ಎರಡೂ ಒಂದೇ, ಬೆಬೋ!”
“ಎರಡೂವರೆ ಅಂದರೆ ಮನೆಗೆ ಒಯ್ಯೋಣ ಅನ್ನಿಸುತ್ತೆ.
ಐದು ಅರ್ಧ ಅಂದರೆ
ಇನ್ನೂ ಐದು ಜನ ಬರಬಹುದು.”
ದೀಪದ ಬತ್ತಿ ತಗ್ಗಿಸಿದಳು, ಆರಿಸಲಿಲ್ಲ.

ಈಗ ನಾನೇ ಮೇಷ್ಟ್ರು, ಕೋಟು ಒಂದೇ.
ಎರಡರ ಮೇಲೆ ಐದು ಬರೆದು ಮಗು ಅಲ್ಲಿಗೇ ನಿಲ್ಲಿಸಿದರೆ
ವಿಷಮ ಭಿನ್ನರಾಶಿ, ಮಿಶ್ರ ಮಾಡು ಎನ್ನಬೇಕು, ಪಠ್ಯದ ನಿಯಮ.
ಎನ್ನುತ್ತೇನೆ ಕೂಡ.
ಅಂಕ ಮಾತ್ರ ಕಳೆಯುವುದಿಲ್ಲ.

ಆ ರಾತ್ರಿ ಆಮೇಲೆ ಯಾರು ಬಂದರೋ,
ಹಿಟ್ಟಿನ ಚೀಲಕ್ಕೊರಗಿ ನಿದ್ದೆ ಹೋಗಿದ್ದೆ.
ಬೆಳಗಿಗೆ ಹಲಗೆ ಖಾಲಿ.
ದತ್ತ ಇಷ್ಟೇ.